ಕಣ್ಣು ಬರೆದ ಫೋಟೋಗಳು

ಮೊನ್ನೆ ಅಂಗಡಿಯ ಬಾಗಿಲು ತೆಗೆದು ಊದಿನಕಡ್ಡಿ ಹಚ್ಚುವಷ್ಟರಲ್ಲಿ ಐವತ್ತರ ಆಸುಪಾಸಿನ ಒಬ್ಬರು ಬಂದು ನಿಂತರು. "ಅಣ್ಣಾರ, ನಮ್ಮವ್ವ ತೀರಿಕೊಂಡಳ್ರೀ. ನಾಡಿದ್ದು ದಿವಸ ಐತಿ. ಒಂದು ಫೋಟೋ ದೊಡ್ಡದು ಮಾಡಿಕೊಡ್ರಿ" ಎಂದು ಫೋನು ಚಾಚಿದರು. ಅದರಲ್ಲಿ ನಾಲ್ಕು ಸಾವಿರ ಫೋಟೋ. ಇಬ್ಬರೂ ಕೂತು ಹುಡುಕಿದೆವು. ಎತ್ತು, ಟ್ರ್ಯಾಕ್ಟರು, ಗೊಬ್ಬರದ ರಸೀದಿ, ಮೊಮ್ಮಗಳ ಕೇಕು, ದಿನಕ್ಕೊಂದು ಶುಭೋದಯ. ಅವ್ವ ಇದ್ದದ್ದು ಎರಡರಲ್ಲಿ. ಒಂದರಲ್ಲಿ ಕೇಕಿನ ಹಿಂದೆ ಅರ್ಧ ಮುಖ, ಇನ್ನೊಂದರಲ್ಲಿ ಬರೀ ಬೆನ್ನು. ಕೊನೆಗೆ ಆಧಾರ್ ಕಾರ್ಡಿನ ಮುಖವನ್ನೇ ದೊಡ್ಡದು ಮಾಡಿ, ಚೌಕಟ್ಟು ಹಾಕಿ ಕೊಟ್ಟೆ. ಅವರು ಅದನ್ನು ಒಂದು ಗಳಿಗೆ ನೋಡಿ, "ಅವ್ವ ಹಿಂಗ ಇರಲಿಲ್ಲ ಬಿಡ್ರಿ" ಎಂದು ಟವೆಲಿನಲ್ಲಿ ಸುತ್ತಿಕೊಂಡು ಹೋದರು.

ರಾಣೆಬೆನ್ನೂರಿನಲ್ಲಿ ನಾನು ಈ ಕಸುಬಿಗೆ ಬಿದ್ದದ್ದು 1979ರಲ್ಲಿ, ಹದಿನೇಳರ ಹುಡುಗನಾಗಿ, ಉಸ್ತಾದರೊಬ್ಬರ ಸ್ಟುಡಿಯೋದಲ್ಲಿ ನೆಲ ಗುಡಿಸುವ ಕೆಲಸಕ್ಕೆ. ಮೂರನೆಯ ತಿಂಗಳು ಅವರು ಡಾರ್ಕ್‌ರೂಮಿನೊಳಗೆ ಕರೆದರು. ಕೆಂಪು ಬಲ್ಬು, ಸೆಕೆ, ಹೈಪೋದ ಘಾಟು. ಬಿಳಿ ಕಾಗದವೊಂದನ್ನು ಟ್ರೇಗೆ ಇಳಿಬಿಟ್ಟು "ಅಲ್ಲಾಡಸ್ತಾ ಇರು" ಎಂದರು. ಮೊದಲು ಬಂದದ್ದು ಒಂದು ಮೀಸೆ. ಆಮೇಲೆ ಹುಬ್ಬು, ಕಣ್ಣಿನ ಗೊಂಬೆ, ಕ್ರಾಪು. ಮುಖವಿಲ್ಲದ ಮೀಸೆ ನೀರಿನಲ್ಲಿ ತೇಲುತ್ತಿತ್ತು. ಕೆನ್ನೆ, ಗದ್ದ ನಿಧಾನಕ್ಕೆ ಅದರ ಸುತ್ತ ಬಂದು ಸೇರಿಕೊಂಡವು. ನೋಡಿದರೆ ನಮ್ಮ ಓಣಿಯ ಹಿಟ್ಟಿನ ಗಿರಣಿಯವರು! ದಿನಾ ನೋಡುತ್ತಿದ್ದ ಆ ಮನುಷ್ಯನ ಎಡಗಣ್ಣಿನ ಕೆಳಗೆ ಗಾಯದ ಗುರುತಿತ್ತೆಂದು ನನಗೆ ಗೊತ್ತಾದದ್ದು ಅವತ್ತು. ಹುಚ್ಚು ಹಿಡಿದದ್ದು ಅಲ್ಲಿಂದ. ದೇವರಗುಡ್ಡಕ್ಕೆ ಎಷ್ಟೋ ಸಲ ಕ್ಯಾಮೆರಾ ಹೊತ್ತು ಹತ್ತಿದ್ದೇನೆ. ಗುಡ್ಡದ್ದು ಒಂದು ಫೋಟೋ ನನ್ನಲ್ಲಿಲ್ಲ, ಇರುವುದೆಲ್ಲ ಗೊರವಯ್ಯಗಳ ಮುಖ.

ಆಗ ಫೋಟೋ ತೆಗೆಸುವುದೆಂದರೆ ಮನೆಯಲ್ಲಿ ಮಾತಾಡಿ ತೀರ್ಮಾನಿಸುವ ವಿಷಯ. ಯಾಶಿಕಾ ಕ್ಯಾಮೆರಾದ ಒಂದು ರೀಲಿಗೆ ಹನ್ನೆರಡೇ ಫೋಟೋ; ಹಾಳು ಮಾಡುವ ಹಾಗಿಲ್ಲ. ಸ್ಟುಡಿಯೋದಲ್ಲಿ ಒಂದು ಕೋಟು, ಒಂದು ಟೈ, ನಿಂತುಹೋದ ಕೈಗಡಿಯಾರ, ಪೌಡರ್ ಡಬ್ಬಿ, ಹಲ್ಲು ಮುರಿದ ಬಾಚಣಿಗೆ. ಸಣಕಲು ಮದುಮಗ ಬಂದರೆ ಕೋಟಿನ ಬೆನ್ನಿಗೆ ಪಿನ್ನು, ದಪ್ಪನೆಯವ ಬಂದರೆ ಗುಂಡಿ ಹಾಕದೆ ಕೈಕಟ್ಟಿಸಿ ಮುಚ್ಚುವುದು. ತಾಲ್ಲೂಕಿನ ಎಷ್ಟು ಮದುಮಕ್ಕಳು ಆ ಒಂದೇ ಕೋಟಿನಲ್ಲಿ ಗೋಡೆ ಏರಿದರೋ ಲೆಕ್ಕವಿಲ್ಲ. ಮೂವರು ಬಂದರೆ ಮೂವರನ್ನೇ ನಿಲ್ಲಿಸುವ ಹಾಗಿಲ್ಲ, ಅಪಶಕುನ. ಪಕ್ಕದ ಅಂಗಡಿಯ ಮಗುವನ್ನು ಎತ್ತಿಕೊಂಡು ಬರುವುದು ನನ್ನ ಕೆಲಸ. ಆ ಮಗು ಯಾರ್‍ಯಾರದೋ ಮನೆಯ ಫೋಟೋದಲ್ಲಿ ಇವತ್ತಿಗೂ ಇದೆ.

ನನ್ನನ್ನು ಕಸುಬಿಗೆ ಕಟ್ಟಿಹಾಕಿದ್ದು ಮಾತ್ರ ಸತ್ತವರ ಫೋಟೋ. ನಮ್ಮ ಕಡೆ ಲಿಂಗಾಯತರಲ್ಲಿ ಶವವನ್ನು ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕುತ್ತಾರೆ. ಬದುಕಿದ್ದಾಗ ಒಮ್ಮೆಯೂ ಕ್ಯಾಮೆರಾದ ಮುಂದೆ ಕೂರದವರು ಆಗ ಕೂರುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಸೈಕಲ್ಲಿನವ ಬಂದು ಕದ ಬಡಿದರೆ ಉಸ್ತಾದರು ಮರುಮಾತಿಲ್ಲದೆ ಹೊರಡುತ್ತಿದ್ದರು. ಪ್ರಿಂಟು ಬಂದ ಮೇಲೆ ಮನೆಯವರದು ಒಂದೇ ಕೇಳಿಕೆ: "ಕಣ್ಣು ಬರೀರಿ." ಉಸ್ತಾದರ ಪ್ರಶ್ನೆಯೂ ಒಂದೇ: "ಮಕ್ಕಳಾಗ ಅಪ್ಪನ ಕಣ್ಣು ಯಾರಿಗೆ ಬಂದಾವು?" ಆ ಮಗನನ್ನೋ ಮಗಳನ್ನೋ ಎದುರಿಗೆ ಕೂರಿಸಿಕೊಂಡು, ಮುಚ್ಚಿದ ರೆಪ್ಪೆಯ ಮೇಲೆ ಸಣ್ಣ ಕುಂಚದಿಂದ ಬಿಳುಪು ತುಂಬಿ, ಕಪ್ಪು ಇಟ್ಟು, ಕೊನೆಗೆ ಸೂಜಿಯ ಮೊನೆಯಷ್ಟು ಹೊಳಪು ಕೊಡುವರು. ಆ ಹೊಳಪು ಕೂತರೆ ಮನುಷ್ಯ ಎದ್ದು ಕೂತ ಹಾಗೆ. ಆಮೇಲೆ ಆ ಪ್ರಿಂಟಿನದೇ ಒಂದು ಫೋಟೋ ಹೊಡೆದು, ಅದನ್ನೇ ದೊಡ್ಡದು ಮಾಡಿ ಕೊಡುತ್ತಿದ್ದರು. ಒಮ್ಮೆ ಒಬ್ಬ ಹೆಣ್ಣುಮಗಳು ಅಪ್ಪನ ಮುಖದಲ್ಲಿ ತನ್ನದೇ ಕಣ್ಣು ನೋಡಿ, ದುಡ್ಡು ಕೊಡುವುದನ್ನೂ ಮರೆತು ಹೊರಟುಹೋದಳು. ಉಸ್ತಾದರು ಕೇಳಲಿಲ್ಲ.

ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಜನಸಾಮಾನ್ಯರ ಮುಖಗಳನ್ನೇ ಅರಸಿ ದೇಶ ಸುತ್ತಿದವರು. ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರು 'ಕಾಲಕ್ಕೆ ಕನ್ನಡಿ'. ನಮ್ಮದು ಅಂಥ ನಿಲುಗನ್ನಡಿಯಲ್ಲ, ಕ್ಷೌರದಂಗಡಿಯ ಕೈಗನ್ನಡಿ. ಆದರೂ ಈ ಊರು ತನ್ನ ಮುಖ ನೋಡಿಕೊಂಡದ್ದು ಅದರಲ್ಲೇ.

ಮುಂದಿನದು ನಿಮಗೂ ಗೊತ್ತು. ಬಣ್ಣ ಬಂತು, ರೀಲುಗಳು ತೊಳೆಸಿಕೊಳ್ಳಲು ಹುಬ್ಬಳ್ಳಿಯ ಬಸ್ಸು ಹತ್ತಿದವು. ಊಟಿಯಲ್ಲಿ 'ಇಂದು' ಹೆಸರಿನ ರೀಲು, ಕಾಗದ ಮಾಡುತ್ತಿದ್ದ ಸರ್ಕಾರಿ ಕಾರ್ಖಾನೆ ಬಾಗಿಲು ಹಾಕಿತು. ನನ್ನ ಡಾರ್ಕ್‌ರೂಮಿನಲ್ಲಿ ಈಗ ಝೆರಾಕ್ಸ್ ಮಿಷನ್ನಿದೆ. ಮೊಬೈಲಿಗೆ ಬೈಯುವವನು ನಾನಲ್ಲ, ನನ್ನ ಮೊಮ್ಮಗನ ಮೊದಲ ಹೆಜ್ಜೆ ಸಿಕ್ಕದ್ದು ಅದರಲ್ಲೇ. ತೆಗೆಯುವವರು ಮನೆಮನೆಗೂ ಇದ್ದಾರೆ. ಫೋಟೋಕ್ಕೆಂದು ಉಸಿರು ಬಿಗಿಹಿಡಿದು ಕೂರುವವರು ಇಲ್ಲ.

ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಮದುವೆ ಮನೆಗಳಲ್ಲಿ ರೀಲು ಉಳಿಸಲು, "ನಮ್ಮದೂ ಒಂದು ಹೊಡೀರಿ" ಎಂದು ಬಂದು ನಿಲ್ಲುವ ಮುದುಕಿಯರಿಗೆ, ಮಕ್ಕಳಿಗೆ ನಾವು ಬರೀ ಫ್ಲಾಶ್ ಹೊಡೆಯುತ್ತಿದ್ದೆವು. ಅವರು ಸೆರಗು ಸರಿಮಾಡಿಕೊಂಡು, ಗದ್ದ ಎತ್ತಿ ನಿಲ್ಲುವರು. ಒಳಗೆ ಏನೂ ಬೀಳುತ್ತಿರಲಿಲ್ಲ. ಮೊನ್ನೆ ಆ ಮನುಷ್ಯ ಟವೆಲು ಸುತ್ತಿಕೊಂಡು ಹೋದಾಗಿನಿಂದ ಅದೇ ತಲೆಯಲ್ಲಿ ಕೂತಿದೆ. ಅವರ ಅವ್ವ ಹಾಗೆ ನಿಂತವರಲ್ಲಿ ಒಬ್ಬಳಾಗಿದ್ದರೆ?

ಅವತ್ತು ಸಂಜೆ ಅಟ್ಟದ ಮೇಲಿನ ಬಿಸ್ಕತ್ತಿನ ಡಬ್ಬಿಗಳನ್ನು ಇಳಿಸಿದೆ. ಹನ್ನೊಂದು ಡಬ್ಬಿ ನೆಗೆಟಿವ್, 1981ರಿಂದ 2002ರವರೆಗಿನವು. ಕೆಲವು ಹುಳಿ ವಾಸನೆ ಹೊಡೆಯುತ್ತಿವೆ, ಅಂಚು ಸುರುಳಿ ಸುತ್ತಿದೆ. ಫಿಲ್ಮು ಹಾಗೆ ವಾಸನೆ ಬಂತೆಂದರೆ ಬಹಳ ದಿನ ತಾಳುವುದಿಲ್ಲ.

ಆ ವರ್ಷಗಳಲ್ಲಿ ನಮ್ಮಲ್ಲಿ ಫೋಟೋ ತೆಗೆಸಿದವರು ಇದನ್ನು ಓದುತ್ತಿದ್ದರೆ, ಗೋಡೆಯ ಮೇಲಿರುವುದನ್ನು ಇಳಿಸಿ ಹಿಂಬದಿ ನೋಡಿ. ಸ್ಟುಡಿಯೋದ ಮುದ್ರೆಯ ಕೆಳಗೆ ಪೆನ್ಸಿಲಿನಲ್ಲಿ ಒಂದು ನಂಬರು ಇರುತ್ತದೆ. ಅದನ್ನು ಬರೆದುಕೊಂಡು ಬನ್ನಿ, ನೆಗೆಟಿವ್ ಹುಡುಕಿ ಕೊಡುತ್ತೇನೆ. ದುಡ್ಡು ಬೇಡ. ಸೋಮವಾರ ಅಂಗಡಿ ರಜೆ.