ಜಾತಕ ಕೂಡದ ಜೋಡಿಗಳು

ಬೀದರಿನ ಬೇಸಗೆಯ ಅಪರಾಹ್ನಗಳನ್ನು ಕಳೆಯುವುದಕ್ಕೆ ಒಬ್ಬೊಬ್ಬರು ಒಂದೊಂದು ಉಪಾಯವನ್ನು ಕಂಡುಕೊಂಡಿರುತ್ತಾರೆ. ಕೆಲವರು ನಿದ್ರೆಗೆ ಶರಣಾಗುತ್ತಾರೆ, ಕೆಲವರು ಇಸ್ಪೀಟಿನ ಎಲೆಗಳನ್ನು ಹರಡಿಕೊಂಡು ಕೂಡುತ್ತಾರೆ. ನಾನಾದರೋ ಕಿಟಕಿಗಳನ್ನು ಮುಚ್ಚಿ, ಇಂಗ್ಲೆಂಡಿನ ಡ್ಯೂಕರು, ಅರ್ಲರು ಮತ್ತು ಅವರನ್ನು ಎಂದೆಂದಿಗೂ ವರಿಸಕೂಡದೆಂದು ಲೋಕವು ವಿಧಿಸಿದ್ದ ಬಡ ಪಾದ್ರಿಗಳ ಹೆಣ್ಣುಮಕ್ಕಳು, ಇವರೆಲ್ಲರ ಸಹವಾಸದಲ್ಲಿ ಹೊತ್ತನ್ನು ಕಳೆಯುತ್ತೇನೆ. ಹೈದರಾಬಾದಿನ ಆಬಿಡ್ಸ್ ಬೀದಿಯಲ್ಲಿ ಭಾನುವಾರದಂದು ಹಳೆಯ ಪುಸ್ತಕಗಳನ್ನು ಹಾಸಿ ಮಾರುವವರ ಪರಿಚಯವುಳ್ಳವರಿಗೆ ಈ ಕಾದಂಬರಿಗಳ ಮಾಸಿದ ಹೊದಿಕೆಗಳ ಪರಿಚಯವೂ ಇದ್ದೀತು. ಬೀದರಿನಲ್ಲಿ ಆರಂಭಿಸಿದ ಪ್ರಣಯವು ರೈಲು ಭಾಲ್ಕಿಯನ್ನು ತಲುಪುವಷ್ಟರಲ್ಲಿ ಮೊದಲ ವಿರಸಕ್ಕೆ ಬಂದು ನಿಲ್ಲುತ್ತದೆ, ಎದುರು ಕುಳಿತವರು ಹೊದಿಕೆಯ ಮೇಲಿನ ಚಿತ್ರವನ್ನು ಕಂಡು, "ಏನ್ ಓದ್ಲತ್ತೀರಿ ಕಾಕಾ?" ಎಂದು ಕೇಳಿ ಮುಗುಳ್ನಗುತ್ತಾರೆ. ಅವರಿಗೆ ಹೇಳಬೇಕೆನಿಸಿದ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೂರನೆಯ ಜಾರ್ಜ್ ದೊರೆಯು ಮತಿಭ್ರಮಣೆಗೊಳಗಾಗಿ, ಅವನ ಹಿರಿಯ ಮಗನು ರೀಜೆಂಟನೆಂಬ ಬಿರುದಿನಿಂದ ರಾಜ್ಯಭಾರವನ್ನು ವಹಿಸಿಕೊಂಡ 1811ರಿಂದ 1820ರವರೆಗಿನ ಅವಧಿಯೇ ಈ ಕಾದಂಬರಿಗಳು ನಡೆಯುವ ರೀಜೆನ್ಸಿ ಕಾಲ. ಈ ರಾಜಕುಮಾರನೇ ಹೊಂದದ ಜೋಡಿಗೆ ಮೊದಲ ನಿದರ್ಶನವೆಂಬುದು ವಿನೋದದ ಸಂಗತಿ. 1785ರಲ್ಲಿ ಅವನು ಮರಿಯಾ ಫಿಟ್ಜ್‌ಹರ್ಬರ್ಟ್ ಎಂಬ ಕ್ಯಾಥೊಲಿಕ್ ವಿಧವೆಯನ್ನು ಗುಪ್ತವಾಗಿ ಮದುವೆಯಾದನು. ದೊರೆಯ ಅನುಮತಿಯಿಲ್ಲದೆ ನಡೆದ ಆ ವಿವಾಹವು 1772ರ ರಾಜವಂಶದ ವಿವಾಹ ಶಾಸನದ ಮುಂದೆ ನಿಲ್ಲಲಿಲ್ಲ. ಹತ್ತು ವರ್ಷಗಳ ತರುವಾಯ, ಕುಲಗೋತ್ರಗಳೆಲ್ಲವೂ ಕೂಡಿಬಂದ ಬ್ರನ್ಸ್‌ವಿಕ್‌ನ ಕ್ಯಾರೊಲೀನಳನ್ನು ಅವನಿಗೆ ಕಟ್ಟಿದರು, ಆ ದಾಂಪತ್ಯವಾದರೋ ಯೂರೋಪಿಗೆಲ್ಲ ನಗೆಪಾಟಲಾಯಿತು. ಊರೂರು ಅಲೆಯುವ ನಾಟಕದ ತಂಡಗಳಲ್ಲಿ ಬೆಳೆದ ಹ್ಯಾರಿಯೆಟ್ ಮೆಲನ್ ಎಂಬ ನಟಿಯು 1815ರಲ್ಲಿ ವೃದ್ಧ ಬ್ಯಾಂಕರ್ ಥಾಮಸ್ ಕೌಟ್ಸನನ್ನೂ, ಅವನು ತೀರಿಕೊಂಡ ಮೇಲೆ 1827ರಲ್ಲಿ ತನಗಿಂತ ಬಹಳ ಕಿರಿಯನಾದ ಸೇಂಟ್ ಆಲ್ಬನ್ಸ್‌ನ ಡ್ಯೂಕನನ್ನೂ ವರಿಸಿದಳು. ನಿಜವೇ ಹೀಗಿದ್ದಾಗ, 1935ರಿಂದ ಮೊದಲ್ಗೊಂಡು ಆ ಕಾಲವನ್ನೇ ತನ್ನ ಕ್ಷೇತ್ರವನ್ನಾಗಿ ಮಾಡಿಕೊಂಡ ಜಾರ್ಜೆಟ್ ಹೇಯರ್ ಎಂಬ ಲೇಖಕಿಗೆ ಕಥಾವಸ್ತುವಿನ ಕೊರತೆಯೆಲ್ಲಿ ಬಂದೀತು?

ಈ ಜಾತಿಯ ಕಾದಂಬರಿಯನ್ನು ಸವಿಯುವುದಕ್ಕೂ ಒಂದು ಕ್ರಮವುಂಟು. ನಾಯಕ ನಾಯಿಕೆಯರು ಕೊನೆಗೆ ಕೂಡುವರೆಂಬುದು ಮೊದಲ ಪುಟದಲ್ಲಿಯೇ ತಿಳಿದಿರುವುದರಿಂದ, ರಸವಿರುವುದು ಕೂಡುವುದರಲ್ಲಲ್ಲ, ಕೂಡದಿರುವುದರಲ್ಲಿ. ಆದುದರಿಂದ ನಾನು ಮೊದಲು ಪರೀಕ್ಷಿಸುವುದು ಅಡ್ಡಿಯನ್ನು: ಅದು ಒಂದು ಪತ್ರದಿಂದಲೋ ಸಾಯಂಕಾಲದ ಒಂದು ನರ್ತನದಿಂದಲೋ ಕರಗುವಂತಹುದಾದರೆ ಪುಸ್ತಕವನ್ನು ಮಡಿಸಿಡುತ್ತೇನೆ. ಎರಡನೆಯದಾಗಿ, ಪ್ರೇಮವು ಒಮ್ಮೆಯಾದರೂ ತಿರಸ್ಕೃತವಾಗಬೇಕು. ಈ ಎರಡು ಲಕ್ಷಣಗಳನ್ನೂ ಪೂರ್ಣವಾಗಿ ಪಡೆದದ್ದು ಜೇನ್ ಆಸ್ಟಿನ್ನಳ 1813ರ ಕಾದಂಬರಿ 'ಪ್ರೈಡ್ ಅಂಡ್ ಪ್ರೆಜುಡಿಸ್'. ವರ್ಷಕ್ಕೆ ಹತ್ತು ಸಾವಿರ ಪೌಂಡುಗಳ ಒಡೆಯನಾದ ಡಾರ್ಸಿಯು, ನಿನ್ನ ಮನೆತನ ನನ್ನ ಘನತೆಗೆ ತಕ್ಕುದಲ್ಲವಾದರೂ ನಿನ್ನನ್ನು ಪ್ರೀತಿಸದೆ ಇರಲಾರೆನೆಂದು ಉಪಕಾರ ಮಾಡುವವನಂತೆ ಕೇಳಲು, ಆಸ್ತಿಯಿಲ್ಲದ ಎಲಿಜಬೆತ್ ಅವನನ್ನು ನಿಂತ ನಿಲುವಿನಲ್ಲಿಯೇ ನಿರಾಕರಿಸುವಳಷ್ಟೆ. ಆ ನಿರಾಕರಣೆಯ ಬಿಸಿಯಲ್ಲಿಯೇ ಮುಂದಿನ ಪ್ರೇಮವೆಲ್ಲ ಹದಗೊಳ್ಳುವುದು.

ಈ ಕಥೆಯನ್ನು ಔರಾದಿನಲ್ಲಿರುವ ನನ್ನ ಸೋದರತ್ತೆಗೆ ಒಂದು ಸಂಜೆ ಕಟ್ಟೆಯ ಮೇಲೆ ಕುಳಿತು ಹೇಳಿದುದುಂಟು. ಇಂಗ್ಲಿಷಿನ ಒಂದಕ್ಷರವನ್ನೂ ಅರಿಯದ ಆಕೆ, ವಿಮರ್ಶಕರನೇಕರಿಗಿಂತ ಬೇಗನೆ ಕಥೆಯ ಮರ್ಮವನ್ನು ಹಿಡಿದಳು. "ಮೊದಲ ಹುಡುಗಂದು ಹೊಲ ಎಷ್ಟದ ಹೇಳು" ಎಂದಳು. ಎಲಿಜಬೆತ್ತಳ ತಂದೆತಾಯಿಗಳಾದ ಬೆನೆಟ್ಟರಿಗೆ ಐವರು ಹೆಣ್ಣುಮಕ್ಕಳೇ ಆದುದರಿಂದ ಆಸ್ತಿಯೆಲ್ಲ ದಾಯಾದಿಯ ಪಾಲಾಗುವುದೆಂದು ಹೇಳಿದಾಗ, ತೊಗರಿ ಹೊಲಗಳ ಹಂಚಿಕೆಗಳನ್ನು ಬಾಳೆಲ್ಲ ಕಂಡ ಆಕೆಗೆ ವ್ಯಾಖ್ಯಾನವೇ ಬೇಕಾಗಲಿಲ್ಲ. ಆದರೆ ಡಾರ್ಸಿಯ ತಾಯಿಯ ಒಡಹುಟ್ಟಿದವಳಾದ ಲೇಡಿ ಕ್ಯಾಥರೀನ್, ಅವನಿಗೆ ತನ್ನ ಮಗಳೇ ತಕ್ಕ ವಧುವೆಂದು ಪಟ್ಟು ಹಿಡಿಯುವಳೆಂಬಲ್ಲಿಗೆ ಬಂದಾಗ ಅತ್ತೆ ಬೆಚ್ಚಿಬಿದ್ದಳು: "ಅಯ್ಯ ತಮ್ಮಾ, ಅವ್ವಂದಿರು ಅಕ್ಕ-ತಂಗೇರಂದ್ರ ಇವರು ಅಣ್ಣ-ತಂಗಿ ಆಗ್ತಾರಲ್ಲೋ! ಆ ಮುದುಕಿಗಿ ಅಷ್ಟೂ ತಿಳಿಯಂಗಿಲ್ಲೇನು?" ಇಂಗ್ಲೆಂಡಿನ ಕುಲೀನರಿಗೆ ಯಾವುದು ಸರ್ವಥಾ ಯೋಗ್ಯವಾದ ಸಂಬಂಧವಾಗಿತ್ತೋ ಅದು ಔರಾದಿನಲ್ಲಿ ಬಾಯಲ್ಲಾಡಬಾರದ ಮಾತು, ನಮ್ಮಲ್ಲಿ ಸಹಜವಾದ ಸೋದರಮಾವನ ಮದುವೆಯಾದರೋ ಅಲ್ಲಿನ ಚರ್ಚಿಗೆ ನಿಷಿದ್ಧ. ಯೋಗ್ಯ ಸಂಬಂಧವೆಂಬುದು ದೈವದ ಕಟ್ಟಳೆಯಲ್ಲ, ಆಯಾ ಸೀಮೆಯ ರೂಢಿ ಎಂಬುದು ಆ ಸಂಜೆ ನನಗೆ ನಿಚ್ಚಳವಾಯಿತು.

ಇಂತಹ ಪ್ರಣಯಕ್ಕಾಗಿ ಲಂಡನ್ನಿಗೇ ಹೋಗಬೇಕೆಂದಿಲ್ಲ. ನಮ್ಮ ಬೀದರು 1948ರವರೆಗೂ ನಿಜಾಮನ ಸೀಮೆಯಾಗಿತ್ತು. ಆ ನಿಜಾಮನ ಆಸ್ಥಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟನಾಗಿ 1798ರಿಂದ 1805ರವರೆಗೆ ಇದ್ದವನು ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್. ಮೊಗಲರ ಉಡುಪನ್ನು ಧರಿಸಿ, ಪಾರಸಿಯನ್ನಾಡುತ್ತ, ನಿಜಾಮನಿಂದ ಹಷ್ಮತ್ ಜಂಗ್ ಎಂಬ ಬಿರುದನ್ನು ಪಡೆದಿದ್ದ ಈತನು, ಪರದೆಯ ಹಿಂದೆ ಬೆಳೆದ ಸೈಯದ್ ಮನೆತನದ ತರುಣಿ ಖೈರುನ್ನಿಸಾಳಿಗೆ ಮನಸೋತನು. ಅವಳೋ ಆಗಲೇ ಬೇರೊಬ್ಬನಿಗೆ ನಿಶ್ಚಿತಳಾಗಿದ್ದಳು, ಆಸ್ಥಾನದ ಪ್ರಬಲನಾದ ಮೀರ್ ಆಲಮ್‌ನ ಬಂಧುವರ್ಗಕ್ಕೆ ಸೇರಿದವಳು. ಇಸ್ಲಾಂ ಧರ್ಮವನ್ನು ಅಂಗೀಕರಿಸಿ ಅವನು ಅವಳನ್ನು ನಿಕಾಹ್ ಮಾಡಿಕೊಂಡನು. ಗವರ್ನರ್ ಜನರಲ್ ವೆಲ್ಲೆಸ್ಲಿಯು ವಿಚಾರಣೆಗೆ ಆಜ್ಞಾಪಿಸಿದನು. ಮೂಸಿ ನದಿಯ ದಂಡೆಯ ಮೇಲೆ ಕರ್ಕ್‌ಪ್ಯಾಟ್ರಿಕ್ ಎತ್ತಿಸಿದ ಭವ್ಯ ರೆಸಿಡೆನ್ಸಿಯ ಆವರಣದಲ್ಲಿ ಅವಳಿಗೆಂದೇ ಒಂದು ರಂಗಮಹಲು ನಿರ್ಮಾಣವಾಯಿತು. ಕೋಠಿಯಲ್ಲಿ ಮುಂದೆ ಮಹಿಳಾ ಕಾಲೇಜಾದ ಕಟ್ಟಡವೇ ಆ ರೆಸಿಡೆನ್ಸಿ.

ಕಾದಂಬರಿಕಾರರು ಇಲ್ಲಿಗೆ ಮಂಗಳ ಹಾಡಿಬಿಡುತ್ತಿದ್ದರು. ಚರಿತ್ರೆಯು ಹಾಗೆ ಮಾಡದು. 1805ರಲ್ಲಿ ಇಬ್ಬರು ಎಳೆಯ ಮಕ್ಕಳನ್ನು ಶಿಕ್ಷಣಕ್ಕಾಗಿ ಇಂಗ್ಲೆಂಡಿಗೆ ಹಡಗು ಹತ್ತಿಸಲಾಯಿತು. ಅದೇ ಅಕ್ಟೋಬರಿನಲ್ಲಿ ಕರ್ಕ್‌ಪ್ಯಾಟ್ರಿಕ್ ಕಲ್ಕತ್ತೆಯಲ್ಲಿ ಮಡಿದನು. ವಿಧವೆಯಾದ ಖೈರುನ್ನಿಸಾ, ಗಂಡನ ಸಹಾಯಕನಾಗಿದ್ದ ಹೆನ್ರಿ ರಸೆಲ್ಲನನ್ನು ನಂಬಿ ಕೈಬಿಡಲ್ಪಟ್ಟಳು. ಮಚಲೀಪಟ್ಟಣದಲ್ಲಿ ದೇಶಭ್ರಷ್ಟಳಂತೆ ಬದುಕಿದಳು. ಎಲಿಜಬೆತ್ತಳ ಕಥೆಯು ಲಂಡನ್ನಿನಲ್ಲಿ ಅಚ್ಚಾದ 1813ರಲ್ಲಿಯೇ, ಮಕ್ಕಳ ಮುಖವನ್ನು ಮತ್ತೆ ಕಾಣದೆ, ಮೂವತ್ತು ತುಂಬುವ ಮೊದಲೇ ತೀರಿಕೊಂಡಳು. ಕೈಬಿಟ್ಟ ರಸೆಲ್ಲನಾದರೋ 1811ರಿಂದ 1820ರವರೆಗೆ, ರೀಜೆನ್ಸಿಯ ಅಷ್ಟೂ ವರ್ಷಗಳಲ್ಲಿ, ಹೈದರಾಬಾದಿನ ರೆಸಿಡೆಂಟನಾಗಿ ಮೆರೆದನು. ಸಾಹಿಬ್ ಬೇಗಂ ಎಂಬ ಹೆಸರಿನ ಮಗಳು ಇಂಗ್ಲೆಂಡಿನಲ್ಲಿ ಕಿಟ್ಟಿ ಕರ್ಕ್‌ಪ್ಯಾಟ್ರಿಕ್ ಎನಿಸಿ, ಥಾಮಸ್ ಕಾರ್ಲೈಲನಂತಹ ಮಹಾಲೇಖಕನನ್ನು ಮರುಳುಗೊಳಿಸಿದಳು; ಹೈದರಾಬಾದಿನ ಅಜ್ಜಿಗೆ ಅವಳ ಕಾಗದ ತಲುಪಿದುದು ದಶಕಗಳೇ ಕಳೆದ ಮೇಲೆ.

ನಮ್ಮ ಸುರಪುರದವರಿಗೆ ಚಿರಪರಿಚಿತನಾದ ಆಂಗ್ಲ ಅಧಿಕಾರಿ ಮೆಡೋಸ್ ಟೇಲರನೂ ಈ ಲೋಕದವನೇ. ಅವನು ಕೈಹಿಡಿದ ಮೇರಿ ಪಾಮರಳು, ಜನರಲ್ ಪಾಮರ್ ಮತ್ತು ಫೈಜ್ ಬಕ್ಷ್ ಎಂಬ ಮೊಗಲ್ ಮಹಿಳೆಯ ಮೊಮ್ಮಗಳು. ನಳದುರ್ಗದ ಆಡಳಿತವನ್ನು ನಡೆಸಿದ ಅನುಭವದಿಂದ ಅವನು 1863ರಲ್ಲಿ ಪ್ರಕಟಿಸಿದ 'ತಾರಾ'ದಲ್ಲಿ ತುಳಜಾಪುರದ ಬ್ರಾಹ್ಮಣ ಬಾಲವಿಧವೆಗೂ ಅಫ್ಜಲಖಾನನ ಮಗನಿಗೂ ಒಲವು ಬೆಸೆಯುತ್ತದೆ. ಭಾಲ್ಕಿ, ಔರಾದುಗಳ ಎಷ್ಟೋ ಮನೆಗಳವರು ನಡೆದುಕೊಳ್ಳುವ ಅಂಬಾಭವಾನಿಯ ಗುಡಿಯ ನೆರಳಿನಲ್ಲಿಯೇ ಇಂಗ್ಲಿಷ್ ಪ್ರಣಯ ಕಾದಂಬರಿಯೊಂದು ಹುಟ್ಟಿತೆಂಬುದನ್ನು ನೆನೆದಾಗ, ನನ್ನ ಚಟಕ್ಕೆ ನಾಡಿನ ಮುದ್ರೆ ಬಿದ್ದಂತಾಗುತ್ತದೆ.

ಆದರೂ ಈ ನೆಲದ ಅತಿ ದೊಡ್ಡ ಕಥೆ ಇವೆಲ್ಲಕ್ಕೂ ಹಿಂದಿನದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಶರಣರು ವಿವಾಹವನ್ನು ನೆರವೇರಿಸಿದರೆಂದೂ, ಅರಸನಾದ ಬಿಜ್ಜಳನು ಇಬ್ಬರು ಬೀಗರಿಗೂ ಎಳೆಹೂಟೆಯ ಶಿಕ್ಷೆಯನ್ನು ವಿಧಿಸಿದನೆಂದೂ, ರಾಜ್ಯವೇ ತಲೆಕೆಳಗಾಯಿತೆಂದೂ ಪರಂಪರೆ ಹೇಳುತ್ತದೆ. ರೂಢಿಯನ್ನು ಮೀರಿದವರಿಗೆ ಲಂಡನ್ನಿನ ನರ್ತನಮಂದಿರಗಳ ಬಾಗಿಲು ಮುಚ್ಚುತ್ತಿತ್ತು; ಕಲ್ಯಾಣದಲ್ಲಿ ಪ್ರಾಣವೇ ಹೋಯಿತು. ದಂಡವು ಲಘುವಾಗಿದ್ದಲ್ಲಿ ವಿನೋದ ಹುಟ್ಟುತ್ತದೆ, ಘೋರವಾಗಿದ್ದಲ್ಲಿ ಪುರಾಣ ಹುಟ್ಟುತ್ತದೆ. ಎರಡರ ಬೇರೂ ಒಂದೇ.

ಹಾಗಾದರೆ ಆ ಲಘು ಕಾದಂಬರಿಗಳಿಂದ ಬಂದ ಭಾಗ್ಯವೇನು? ಅವು ರೂಢಿಯನ್ನು ಹಾಸ್ಯಾಸ್ಪದವಾಗಿ ಕಾಣುವುದನ್ನು ಕಲಿಸುತ್ತವೆ. ಯಾವುದನ್ನು ಕಂಡು ಒಮ್ಮೆ ಮನಸಾರೆ ನಕ್ಕೆವೋ ಅದಕ್ಕೆ ಹಿಂದಿನಂತೆ ಅಂಜುವುದು ಸಾಧ್ಯವಿಲ್ಲ. ನನ್ನ ವಾಚಕರಲ್ಲಿ ಬಿನ್ನಹವಿಷ್ಟೆ: ಅವಕಾಶವಾದಾಗ ಈ ಪುಸ್ತಕಗಳನ್ನು ಓದಿರಿ, ಲೇಡಿ ಕ್ಯಾಥರೀನಳ ದರ್ಪವನ್ನು ಕಂಡು ಹೊಟ್ಟೆ ಹುಣ್ಣಾಗುವಂತೆ ನಗಿರಿ, ಆದರೆ ನಾಳೆ ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಜಾತಕ ಕೂಡದ ಸಂಬಂಧವೊಂದರ ಮಾತನ್ನು ಎತ್ತಿದಾಗ, ಆಕೆಯ ಪಾತ್ರವನ್ನು ನೀವು ವಹಿಸಬೇಡಿರಿ.