ಲಾರಿ ನಿಂತದ್ದು ಯಾರ ತಪ್ಪು?



ನಮ್ಮ ಸೋದರಮಾವ ಹರಾಜಿಗೆ ಬಂದ ಹಳೆಯ ಮಿಲಿಟರಿ ಲಾರಿಯೊಂದನ್ನು ಕೊಂಡಿದ್ದಾರೆ. ಜಬಲ್‌ಪುರದ ಕಾರ್ಖಾನೆಯಲ್ಲಿ ತಯಾರಾದ ಒಂದು ಟನ್ನಿನ ನಿಸಾನ್. ಅಲ್ಲಿಯೇ ತಯಾರಾಗುತ್ತಿದ್ದ ಶಕ್ತಿಮಾನ್ ಡೀಸೆಲ್ ಲಾರಿ, ಇದು ಪೆಟ್ರೋಲ್ ಲಾರಿ. ಊರಿನವರು ‘ಗುಜರಿ’ ಅಂತ ನಗುತ್ತಾರೆ. ಮಾವನಿಗೆ ಮಾತ್ರ ಅದು ಮನೆಯ ಎತ್ತಿದ್ದ ಹಾಗೆ.

ಕಳೆದ ಬೇಸಿಗೆಯಲ್ಲಿ ಮದುವೆಮನೆಗೆಂದು ಕೊರಟಗೆರೆಯಿಂದ ತೆಂಗಿನಕಾಯಿ ತುಂಬಿಕೊಂಡು ಪಾವಗಡಕ್ಕೆ ಹೊರಟೆವು. ಬೆಳಿಗ್ಗೆ ಕ್ಯಾನಿನಲ್ಲಿ ಪೆಟ್ರೋಲ್ ತಂದವನು ನಾನೇ. ಮಧುಗಿರಿ ದಾಟಿ ಮಿಡಿಗೇಶಿಯಲ್ಲಿ ಟೀ ಕುಡಿಯಲು ನಿಲ್ಲಿಸಿದೆವು. ಆಮೇಲೆ ಹೊರಟರೆ ಒಂದು ಫರ್ಲಾಂಗು ಕೂಡ ಹೋಗಲಿಲ್ಲ, ಲಾರಿ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು, ಆದರೆ ಕಾರ್ಬೊರೇಟರಿಗೆ ಒಂದು ಹನಿಯೂ ಬರುತ್ತಿರಲಿಲ್ಲ.

ಮಾವ ನನ್ನ ಕಡೆ ತಿರುಗಿ, “ಲೋ, ಪೆಟ್ರೋಲಿಗೆ ಏನ್ಲಾ ಬೆರೆಸ್ದೆ? ಉಳಿದ ದುಡ್ಡು ಎಲ್ಲಿ?” ಎಂದರು. “ದೇವ್ರಾಣೆ ಇಲ್ಲ ಮಾವ” ಎಂದರೂ ನಂಬಲಿಲ್ಲ. ನನಗೆ ಅಳು ಬಂತು.

ಅಲ್ಲೇ ಕುರಿ ಮೇಯಿಸುತ್ತಿದ್ದ ತಾತ ಒಬ್ಬರು ಬಂದರು. ಅವರು ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದವರಂತೆ. ಪಂಪನ್ನು ಮುಟ್ಟಿ ಥಟ್ಟನೆ ಕೈ ತೆಗೆದರು. “ಹುಡುಗುನ್ನ ಬೈಬ್ಯಾಡಪ್ಪ, ಪೆಟ್ರೋಲು ಒಳಗೇ ಕುದ್ದೈತೆ” ಎಂದರು.

ನೀರು ಕುದಿಯಲು 100 ಡಿಗ್ರಿ ಬೇಕು. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಪಂಪು ಇಂಜಿನ್ನಿಗೆ ಅಂಟಿಕೊಂಡೇ ಇದೆ. ಓಡುವಾಗ ಗಾಳಿ ಬೀಸುತ್ತದೆ, ಪೆಟ್ರೋಲೂ ಹರಿಯುತ್ತಿರುತ್ತದೆ. ನಿಲ್ಲಿಸಿದರೆ ಇಂಜಿನ್ನಿನ ಕಾವೆಲ್ಲ ಪಂಪಿಗೆ, ಪೈಪಿಗೆ ಏರಿ ಪೆಟ್ರೋಲ್ ಆವಿಯಾಗುತ್ತದೆ. ನೀರು ಬತ್ತಿದ ಬೋರ್‌ವೆಲ್ ಬರೀ ಗಾಳಿ ಉಗುಳುವ ಹಾಗೆ ಆಗ ಪಂಪಿಗೆ ಸಿಗುವುದು ಆವಿ ಮಾತ್ರ. ಡೀಸೆಲ್ ಕುದಿಯಲು ಇನ್ನೂ ಬಹಳ ಹೆಚ್ಚು ಕಾವು ಬೇಕು. ಅದಕ್ಕೇ ಡೀಸೆಲ್ ಲಾರಿಗೆ ಈ ರೋಗವಿಲ್ಲ.

ತಾತ ಪಂಪಿಗೆ ಒದ್ದೆ ಬಟ್ಟೆ ಸುತ್ತಿಸಿದರು. “ಬೀಡಿ ಹಚ್ಚೀರಾ, ಜೋಕೆ” ಎಂದರು. ಅರ್ಧ ಗಂಟೆ ಕಾದೆವು. ಲಾರಿ ಸ್ಟಾರ್ಟ್ ಆಯಿತು!

ಊರಿಗೆ ಬಂದ ಮೇಲೆ ಸೈಲೆನ್ಸರ್ ಕೊಳವೆಗೆ ತಾಗುವಂತಿದ್ದ ಪೆಟ್ರೋಲ್ ಪೈಪನ್ನು ದೂರ ಸರಿಸಿ, ನಡುವೆ ತಗಡು ಕೂರಿಸಿದರು. ಆಮೇಲೆ ಉರಿಬಿಸಿಲಲ್ಲಿ ಶಿರಾಕ್ಕೆ ಹೋಗಿಬಂದರೂ ಲಾರಿ ನಿಂತಿಲ್ಲ.

ಮಾವ ‘ತಪ್ಪಾಯ್ತು’ ಅನ್ನಲಿಲ್ಲ. ಮರುವಾರ ಪೆಟ್ರೋಲಿಗೆ ದುಡ್ಡು ಕೊಟ್ಟಾಗ ಎಣಿಸದೆ ಕೊಟ್ಟರು. ಉಳಿದದ್ದನ್ನು ತಂದುಕೊಟ್ಟಾಗಲೂ ಎಣಿಸದೆ ಜೇಬಿಗೆ ಹಾಕಿಕೊಂಡರು.

ಗೆಳೆಯರೇ, ಯಂತ್ರ ಕೆಟ್ಟರೆ ಮೊದಲು ಯಂತ್ರವನ್ನು ಮುಟ್ಟಿ ನೋಡೋಣ. ಮನುಷ್ಯರನ್ನು ಬೈಯುವುದು ಆಮೇಲೆ ಇದ್ದೇ ಇದೆ.

— 10ನೇ ತರಗತಿಯ ವಿದ್ಯಾರ್ಥಿ