ಮಾತು ಬಾರದವನನ್ನೇ ಕಳಿಸಿದ ದೇವರು (ಭಾಗ 6)

ಫ್ರೆಂಡ್ಸ್, ಯೂತ್ ಸಂಡೇ ದಿನ ಹತ್ತು ನಿಮಿಷ ವಾಕ್ಯ ಹಂಚಿಕೊಳ್ಳಿ ಅಂತ ಪಾಸ್ಟರ್ ಹೇಳಿದ ಕೂಡಲೇ "ಅಯ್ಯೋ, ನನ್ನಿಂದಾಗಲ್ಲ" ಅನ್ನೋರು ನಿಮ್ಮಲ್ಲಿ ಎಷ್ಟು ಜನ? ಭಯ ಬರೀ ಮೈಕಿನದ್ದಲ್ಲ, ಅಲ್ವಾ? ಎದುರಿಗೆ ಕೂತಿರೋರು ನಿಮ್ಮನ್ನ ಚೆನ್ನಾಗಿ ಬಲ್ಲವರು. ಮನೆಯಲ್ಲಿ ನೀವು ರೇಗೋದನ್ನ ತಂಗಿ ನೋಡಿದ್ದಾಳೆ. ಕ್ಯಾಂಟೀನಲ್ಲಿ ಆಡೋ ಮಾತನ್ನ ಕ್ಲಾಸ್‌ಮೇಟ್ ಕೇಳಿದ್ದಾನೆ. "ಇವರೇನು ನಮಗೆ ಹೇಳೋದು" ಅಂತ ಅವರು ಅಂದ್ಕೊಂಡ್ರೆ?

ಇವತ್ತು ವಿಮೋಚನಕಾಂಡ 3 ಮತ್ತು 4ನೇ ಅಧ್ಯಾಯ ಓದಿ.

ಮೋಶೆಗೆ ಆಗ ಸುಮಾರು 80 ವರ್ಷ. ಐಗುಪ್ತದಲ್ಲಿ ಒಬ್ಬನನ್ನ ಕೊಂದು ಓಡಿಬಂದವನು, ಮಾವನ ಕುರಿ ಕಾಯ್ತಾ ಇದ್ದಾನೆ. ಫರೋಹನ ಹತ್ತಿರ ಹೋಗು ಅಂತ ದೇವರು ಕರೆದಾಗ ಒಂದರ ಹಿಂದೆ ಒಂದು ಕಾರಣ ಹೇಳ್ತಾನೆ. ಹೋಗೋಕೆ ನಾನ್ಯಾರು? ನಿನ್ನ ಹೆಸರು ಕೇಳಿದ್ರೆ ಏನು ಹೇಳಲಿ? ಜನ ನಂಬದಿದ್ರೆ? ನನಗೆ ಮಾತು ಸರಿಯಾಗಿ ಬರಲ್ಲ. ಕೊನೆಗೆ, ಬೇರೆ ಯಾರನ್ನಾದ್ರೂ ಕಳಿಸು. ಒಟ್ಟು ಐದು!

ಇಲ್ಲಿ ಒಂದು ವಿಷಯ ಗಮನಿಸಿ. "ನೀನು ಚೆನ್ನಾಗಿ ಮಾತಾಡ್ತೀಯ, ನಿನ್ನ ಮೇಲೆ ನಿನಗೆ ನಂಬಿಕೆ ಇರಲಿ" ಅಂತ ದೇವರು ಒಂದು ಸಲವೂ ಹೇಳಲ್ಲ. ನಿನ್ನ ಜೊತೆ ನಾನಿರ್ತೀನಿ, ಬಾಯಿ ಮಾಡಿದವನು ನಾನೇ ಅಂತಾನೆ. ಐದನೇ ನೆಪಕ್ಕೆ ಸಿಟ್ಟೂ ಬರುತ್ತೆ. ಆದರೂ ಕೈಬಿಡದೆ, ಮಾತಲ್ಲಿ ಚುರುಕಾಗಿದ್ದ ಅಣ್ಣ ಆರೋನನನ್ನ ಜೊತೆಗೆ ಕೊಡ್ತಾನೆ. ಮೋಶೆಯ ನಾಲಿಗೆ ಸರಿಹೋಯ್ತು ಅಂತ ಬೈಬಲಿನಲ್ಲಿ ಎಲ್ಲೂ ಬರೆದಿಲ್ಲ. ಕೊರತೆ ಇದ್ದ ಹಾಗೇ ಇತ್ತು. ಕಳಿಸಿದವನು ಜೊತೆಯಲ್ಲಿದ್ದ.

ಇನ್ನು 32ನೇ ಅಧ್ಯಾಯಕ್ಕೆ ಬನ್ನಿ. ಮೋಶೆ ಬೆಟ್ಟದ ಮೇಲಿದ್ದಾಗ ಜನ ಗಲಾಟೆ ಮಾಡಿದರು. ಬಂಗಾರದ ಕರು ಮಾಡಿಕೊಟ್ಟವನು ಯಾರು? ಅದೇ ಮಾತುಗಾರ ಆರೋನ. ಕೇಳಿದ್ರೆ, ಬಂಗಾರ ಬೆಂಕಿಗೆ ಹಾಕಿದೆ, ಕರು ತಾನಾಗೇ ಬಂತು ಅನ್ನೋ ಥರ ಉತ್ತರ ಕೊಡ್ತಾನೆ. ಚೆನ್ನಾಗಿ ಮಾತಾಡೋರಿಗೆ ನೆಪವೂ ಚೆನ್ನಾಗೇ ಬರುತ್ತೆ ನೋಡಿ! ಅವತ್ತು ಜನರ ಪರವಾಗಿ ದೇವರ ಮುಂದೆ ನಿಂತು, ಇವರನ್ನ ಕ್ಷಮಿಸದಿದ್ರೆ ನಿನ್ನ ಪುಸ್ತಕದಿಂದ ನನ್ನ ಹೆಸರನ್ನೂ ಅಳಿಸು ಅಂತ ಬೇಡಿಕೊಂಡವನು, ಮಾತು ಬರಲ್ಲ ಅಂದಿದ್ದ ಮೋಶೆ. ಆಮೇಲೆ ದೇವರು ಆರೋನನನ್ನೂ ತಳ್ಳಿಬಿಡಲಿಲ್ಲ, ಮಹಾಯಾಜಕನನ್ನಾಗಿ ಮಾಡಿದ. ಇಬ್ಬರನ್ನೂ ನಿಲ್ಲಿಸಿದ್ದು ಕೃಪೆ.

ಹೊಸ ಒಡಂಬಡಿಕೆಯಲ್ಲೂ ಇದೇ ಕಥೆ. ಸೇವಕಿಯೊಬ್ಬಳು ಕೇಳಿದಾಗ ಯೇಸು ಯಾರೋ ಗೊತ್ತಿಲ್ಲ ಅಂದಿದ್ದ ಪೇತ್ರ, ಸುಮಾರು 50 ದಿನ ಆದಮೇಲೆ ಅದೇ ಯೆರೂಸಲೇಮಿನಲ್ಲಿ ಎದ್ದು ನಿಂತು ಪ್ರಸಂಗ ಮಾಡ್ತಾನೆ. ಅವತ್ತು ಸುಮಾರು 3000 ಜನ ಸಭೆಗೆ ಸೇರ್ತಾರೆ. ಅವನು ತನ್ನ ಬಗ್ಗೆ ಮಾತಾಡಲೇ ಇಲ್ಲ, ಯೇಸುವಿನ ಬಗ್ಗೆ ಮಾತಾಡಿದ. ಪೌಲನನ್ನೇ ತಗೊಳ್ಳಿ. ಪತ್ರದಲ್ಲಿ ಜೋರು, ಎದುರಿಗೆ ಬಂದ್ರೆ ಮಾತಲ್ಲಿ ಏನೂ ಇಲ್ಲ ಅಂತ ಕೊರಿಂಥದಲ್ಲಿ ಕೆಲವರು ಆಡಿಕೊಳ್ತಿದ್ದರು. ತ್ರೋವದಲ್ಲಂತೂ ಅವನು ಮಧ್ಯರಾತ್ರಿವರೆಗೂ ಮಾತಾಡಿದಾಗ ಕಿಟಕಿಯಲ್ಲಿ ಕೂತಿದ್ದ ಹುಡುಗನೊಬ್ಬ ತೂಕಡಿಸಿ ಮೂರನೇ ಅಂತಸ್ತಿನಿಂದ ಬಿದ್ದೇಬಿಟ್ಟ! (ದೇವರ ದಯೆಯಿಂದ ಜೀವಂತವಾಗಿ ಮನೆಗೆ ಹೋದ.) ಹಾಗಾಗಿ ನಿಮ್ಮ ಹತ್ತು ನಿಮಿಷದಲ್ಲಿ ಯಾರಾದ್ರೂ ಆಕಳಿಸಿದ್ರೆ ಕುಗ್ಗಬೇಡಿ.

ಒಂದು ಮಾತು ಮಾತ್ರ ಸ್ಪಷ್ಟವಾಗಿರಲಿ. ಕೊರತೆ ಬೇರೆ, ಬಚ್ಚಿಟ್ಟು ಸಾಕಿಕೊಂಡ ಪಾಪ ಬೇರೆ. "ದೇವರು ಎಂಥವರನ್ನೂ ಬಳಸ್ತಾನೆ" ಅನ್ನೋದು ಬದಲಾಗದೇ ಇರೋಕೆ ಸಿಕ್ಕ ಲೈಸೆನ್ಸ್ ಅಲ್ಲ. ಯಾರ ಹತ್ತಿರವಾದ್ರೂ ಕ್ಷಮೆ ಕೇಳೋದು ಬಾಕಿ ಇದ್ರೆ ಭಾನುವಾರಕ್ಕೆ ಮುಂಚೆ ಕೇಳಿ. ಒಬ್ಬರೇ ಹೊರಲಾರದ ವಿಷಯ ಇದ್ರೆ ನಂಬಿಕೆ ಇರೋ ಹಿರಿಯರಿಗೆ ಹೇಳಿ. ದೇವರ ಮೇಲೆ ಭಾರ ಹಾಕೋದು ಅಂದ್ರೆ ತಯಾರಿ ಬಿಡೋದು ಅಂತಲೂ ಅಲ್ಲ. ವಾಕ್ಯಭಾಗವನ್ನ ಮೂರ್ನಾಲ್ಕು ಸಲ ಜೋರಾಗಿ ಓದಿ. ಹೇಳಬೇಕಾದ ಒಂದೇ ವಿಷಯವನ್ನ ಒಂದು ಸಾಲಿನಲ್ಲಿ ಬರ್ಕೊಳ್ಳಿ. ಎದುರಿಗೆ ಕೂರೋರ ಹೆಸರು ಹಿಡಿದು ಪ್ರಾರ್ಥಿಸಿ.

ಆಮೇಲೆ ಹೋಗಿ ನಿಂತ್ಕೊಳ್ಳಿ. ಕೈ ನಡುಗಿದ್ರೆ ನಡುಗಲಿ. "ನಾನು ಸರಿ ಇದ್ದೀನಿ, ನನ್ನ ಥರ ಆಗಿ" ಅಂತ ಹೇಳೋಕೆ ನೀವು ಅಲ್ಲಿಗೆ ಹೋಗ್ತಿಲ್ಲ. ನಿಮ್ಮನ್ನ ಕ್ಷಮಿಸಿದವನು ಅವರನ್ನೂ ಕ್ಷಮಿಸ್ತಾನೆ ಅಂತ ಹೇಳೋಕೆ ಹೋಗ್ತಿದ್ದೀರಿ. ನಿಮ್ಮ ತಂಗಿಗೂ ಆ ಕ್ಲಾಸ್‌ಮೇಟಿಗೂ ಬೇಕಾಗಿರೋದು ಅದೇ ಸುದ್ದಿ.

ಮೋಶೆಯ ಕಥೆಗೆ ಇನ್ನೊಂದು ತಿರುವು ಇದೆ. 40 ವರ್ಷ ಆದಮೇಲೆ ಯೊರ್ದನ್ ನದಿಯ ಆಚೆ ಕಡೆ ಅವನು ಇಡೀ ಜನಾಂಗಕ್ಕೆ ಹೇಳಿದ ಮಾತುಗಳೇ ಬಹುಪಾಲು ಧರ್ಮೋಪದೇಶಕಾಂಡ. 34 ಅಧ್ಯಾಯದ ಪುಸ್ತಕ! ಬಿಡುವಾದಾಗ ಓದಿ.

ಮುಂದಿನ ಭಾಗದಲ್ಲಿ ಯೆರೆಮೀಯ, ತಾನಿನ್ನೂ ಚಿಕ್ಕವನು ಅಂತ ಹಿಂದೇಟು ಹಾಕಿದವನು. ಈ ಭಾನುವಾರ ಮೊದಲ ಸಲ ಮಾತಾಡೋ ಫ್ರೆಂಡ್ ಇದ್ರೆ ಇದನ್ನ ಕಳಿಸಿ, ಅವರಿಗಾಗಿ ಪ್ರಾರ್ಥನೆ ಮಾಡಿ. 🙏

#ವಾಕ್ಯಧ್ಯಾನ #ಯೂತ್‌ಸಂಡೇ #ಕೃಪೆ